ಮೇಷ್ಟ್ರ ಹಾರ್ಟು

ಡಾಕ್ಟರಿಗೆ ಒಬ್ಬ ಮನುಷ್ಯ ಕಡಿಮೆ ಬಿದ್ದಿದ್ದ. ಕಲ್ಲೇಶಪ್ಪ ಮೇಷ್ಟ್ರ ಶನಿವಾರ ಕೆಡಲು ಅಷ್ಟೇ ಸಾಕಾಯಿತು.

ಎಪ್ಪತ್ತೊಂಬತ್ತನೇ ಇಸವಿಯ ಮಾತು. ದೂರದ ಮೆಡಿಕಲ್ ಕಾಲೇಜೊಂದರಿಂದ ಅಜ್ಜಂಪುರಕ್ಕೆ ಬಂದಿದ್ದ ಆ ಎಳೆ ಡಾಕ್ಟರು ತಮ್ಮ ದೊಡ್ಡ ಪರೀಕ್ಷೆಗಾಗಿ ಒಂದು ಪ್ರಬಂಧ ಬರೆಯುತ್ತಿದ್ದರು. ಅಂಗಸಾಧನೆಯ ಅಭ್ಯಾಸವೇ ಇಲ್ಲದ ಹರೆಯದವರಿಂದ ಹಿತಮಿತವಾದ ವ್ಯಾಯಾಮ ಮಾಡಿಸಿದರೆ ಅವರ ಹೃದಯ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಅದರ ವಿಷಯ. ಇಪ್ಪತ್ತೈದು ಜನ ಬೇಕು ಎಂದು ತಿಂಗಳ ಮೊದಲೇ ಕಾಗದ ಬಂದಿತ್ತು. ಶಾಲೆಯ ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರು, "ಇಪ್ಪತ್ತೈದ್ಯಾಕೆ ಸಾರ್, ಐವತ್ತು ಕೊಡ್ತೀನಿ" ಎಂದು ಧಾರಾಳವಾಗಿ ಉತ್ತರ ಬರೆದು ಕೂತರು.

ಬಂದವರೇನೋ ಬಹಳ ಜನ. ಆದರೆ ಮೊದಲು ಬಂದದ್ದು ಗರಡಿಮನೆಯ ಹುಡುಗರು. ಅಂಗಿ ಬಿಚ್ಚಿ, ತೊಡೆ ತಟ್ಟಿ ನಿಂತರು. ಡಾಕ್ಟರು ಕೈಮುಗಿದು ಕಳಿಸಿದರು. ಆಮೇಲೆ ಕಬಡ್ಡಿ ಆಡುವವರು ಬಂದರು, ಅವರೂ ಬೇಡ. ನೇಗಿಲು ಹಿಡಿದವರು, ಮೂಟೆ ಹೊತ್ತವರು, ದಿನಾ ಬುಕ್ಕಾಂಬುಧಿಯಿಂದ ಸೈಕಲ್ ತುಳಿದು ಬರುವವರು ಯಾರೂ ಬೇಡವಂತೆ. ಅಭ್ಯಾಸವಾದ ಹೃದಯದ ಲೆಕ್ಕವೇ ಬೇರೆಯಂತೆ. ಹಾಗಾದರೆ ಆ ಊರಿನಲ್ಲಿ ಇನ್ನು ಉಳಿದವರು ಯಾರು? ಗಲ್ಲಾಪೆಟ್ಟಿಗೆಯ ಮುಂದೆ ಕೂತ ಸಾಹುಕಾರರ ಮಕ್ಕಳು, ಕಚೇರಿ ಗುಮಾಸ್ತರು. ಅವರನ್ನೆಲ್ಲ ಹಿಡಿದು ತಂದು ಎಣಿಸಿದರೆ ಇಪ್ಪತ್ತನಾಲ್ಕು. ಶನಿವಾರ ಬೆಳಗಿನ ಶಾಲೆ ಬಿಟ್ಟಿತು. ಡಾಕ್ಟರು ಮಧ್ಯಾಹ್ನ ತರೀಕೆರೆಗೆ ಹೊರಡುವವರು. ಮಲ್ಲಿಕಾರ್ಜುನಯ್ಯನವರು ಬಾಗಿಲಲ್ಲಿ ನಿಂತು, ಮಳೆ ಮೋಡ ಹುಡುಕುವವರ ಹಾಗೆ ಆ ಕಡೆ ಈ ಕಡೆ ನೋಡುತ್ತಿದ್ದರು. ಆಗ ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಚೀಲ ಹಿಡಿದು, ಗೋಡೆಯ ಪಕ್ಕದಲ್ಲೇ ಸದ್ದಿಲ್ಲದೆ ಜಾರುತ್ತಿದ್ದ ಕಲ್ಲೇಶಪ್ಪ ಕಣ್ಣಿಗೆ ಬಿದ್ದ.

"ರೀ ಕಲ್ಲೇಶಪ್ಪ, ನಿಲ್ರಿ. ನೀವು ಯಾವತ್ತಾದ್ರೂ ಓಡಿದ್ದೀರೇನ್ರಿ?"

"ಇಲ್ಲ ಸಾರ್. ಯಾಕ್ ಸಾರ್?"

"ಗರಡಿ ಗಿರಡಿ?"

"ನಮ್ಮಪ್ಪ ಇದ್ದಾಗ ಒಂದ್ಸಲ ಕರ್ಕೊಂಡ್ ಹೋಗಿದ್ರು ಸಾರ್. ಮಣ್ಣು ಮೂಗಿಗೆ ಹೋಗಿ ಮೂರ್ ದಿನ ಸೀನು."

"ವಯಸ್ಸು?"

"ಇಪ್ಪತ್ತೈದು."

ಹೆಡ್‌ಮಾಸ್ಟರ ಮುಖ ಅರಳಿತು. "ಬನ್ರಿ ಒಳಗೆ. ಐದು ನಿಮಿಷದ ಕೆಲಸ."

ಕಲ್ಲೇಶಪ್ಪನಿಗೆ ಆ ಐದು ನಿಮಿಷ ಇರಲಿಲ್ಲ. ಕಡೂರಿನ ಕೊಬ್ಬರಿ ಮಂಡಿ ಹಾಲಪ್ಪನವರು ಅವತ್ತೇ ಹನ್ನೆರಡೂವರೆಯ ರೈಲಿಗೆ ಬರುವವರಿದ್ದರು. ಹಿಂದಿನ ತಿಂಗಳು ಅವನು ಕಡೂರಿಗೆ ಹೋಗಿ ಅವರ ಮಗಳು ಪಂಕಜಾಕ್ಷಿಯನ್ನು ನೋಡಿ ಬಂದಿದ್ದ. ಕಾಫಿ ಕೊಟ್ಟ ಹುಡುಗಿ ಒಳಗೆ ಓಡಿಹೋಗದೆ ಅಲ್ಲೇ ಕಂಬಕ್ಕೆ ಒರಗಿ ನಿಂತು, "ನಿಮ್ಮ ಶಾಲೆ ಮಕ್ಕಳು ನಿಮ್ಮನ್ನ ಕಂಡ್ರೆ ಹೆದರ್ತಾರಾ?" ಎಂದು ಕೇಳಿದ್ದಳು. "ನಾನೇ ಅವರಿಗೆ ಹೆದರ್ತೀನಿ" ಎಂದು ಇವನ ಬಾಯಿಂದ ನಿಜ ಬಿದ್ದುಹೋಯಿತು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕಳು. ಅವತ್ತಿನಿಂದ ಮೇಷ್ಟ್ರಿಗೆ ಮಗ್ಗಿ ಹೇಳಿಸುವಾಗಲೂ ಆ ನಗುವೇ ಕೇಳುತ್ತಿತ್ತು. ಈಗ ಹಾಲಪ್ಪನವರು ಗಂಡಿನ ಮನೆ ನೋಡಿಕೊಂಡು ಹೋದರೆ ಮಾತು ಪಕ್ಕಾ. ಅದಕ್ಕೇ ತಾಯಿ ವಿಮಲಮ್ಮ, "ಕಾಫಿಪುಡಿ, ಬಾಳೆಹಣ್ಣು ತಗೊಂಡು ಹನ್ನೆರಡರೊಳಗೆ ಮನೇಲಿರ್ಬೇಕು ಕಣೋ" ಎಂದು ಬೆಳಿಗ್ಗೆ ನಾಲ್ಕು ಸಲ ಹೇಳಿ ಕಳಿಸಿದ್ದಳು. ಇದನ್ನೆಲ್ಲ ಹೆಡ್‌ಮಾಸ್ಟರಿಗೆ ಹೇಳುವ ಧೈರ್ಯ ಬರಲಿಲ್ಲ. ಬೇಡ ಎನ್ನುವ ಶಬ್ದ ಅವನ ಗಂಟಲಲ್ಲಿ ಹುಟ್ಟುತ್ತಿದ್ದುದೇ ಅಪರೂಪ. ಹುಟ್ಟಿದರೂ ನಾಲಗೆ ತನಕ ಬರುವಷ್ಟರಲ್ಲಿ ಆಗಲಿ ಸಾರ್ ಆಗಿಬಿಡುತ್ತಿತ್ತು.

"ಆಗ್ಲಿ ಸಾರ್" ಎಂದ.

ಒಳಗೆ ಡಾಕ್ಟರು ಹೆಸರು, ವಯಸ್ಸು ಬರೆದುಕೊಂಡು, "ನೀವು ಅನ್‌ಟ್ರೇನ್ಡ್ ತಾನೆ?" ಎಂದರು.

ಕಲ್ಲೇಶಪ್ಪನಿಗೆ ಅವಮಾನವಾಯಿತು. "ಇಲ್ಲ ಸಾರ್! ನಾನು ಟ್ರೇನ್ಡ್. ಟಿ.ಸಿ.ಎಚ್. ಸೆಕೆಂಡ್ ಕ್ಲಾಸ್."

ಡಾಕ್ಟರು ನಗು ತಡೆದುಕೊಂಡರು. "ಅದಲ್ಲಪ್ಪ. ಮೈಗೆ ತರಬೇತಿ ಇಲ್ಲ ತಾನೆ ಅಂದೆ."

ಅಂಗಿ ಬನಿಯನ್ ಬಿಚ್ಚಿಸಿದರು. ಶಿವದಾರದಲ್ಲಿ ತೂಗುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಎದೆಯ ಮೇಲೆ ಕೊಳವೆ ಇಡಲು ಅಡ್ಡ ಬಂತು. ಅದನ್ನು ಮೈಯಿಂದ ತೆಗೆಯುವ ಹಾಗಿಲ್ಲ ಎಂದು ಇವನು ಹೇಳಿದ್ದಕ್ಕೆ ಡಾಕ್ಟರು ಭಕ್ತಿಯಿಂದಲೇ ಬೆನ್ನಿಗೆ ತಿರುಗಿಸಿಕೊಳ್ಳಿ ಎಂದರು. ಕೈ ಹಿಡಿದು ನಾಡಿ ಎಣಿಸಿ ಹುಬ್ಬೇರಿಸಿದರು.

"ನೂರಾ ನಾಲ್ಕು? ಸುಮ್ನೆ ಕೂತಿರೋವಾಗ್ಲೇ?"

"ಇವತ್ತು... ಹೆಣ್ಣಿನ ತಂದೆ ಬರ್ತಾರೆ ಸಾರ್, ಮನೆಗೆ."

"ಓಹೋ. ಮನಸ್ಸು ಓಡಿದ್ರೂ ನಾಡಿ ಓಡುತ್ತೆ ಕಣ್ರೀ. ಮಲಗಿ, ಇಳೀಲಿ."

ಮೇಜಿನ ಮೇಲೆ ಕಾಲು ಗಂಟೆ ಮಲಗಿದ. ಗೋಡೆ ಗಡಿಯಾರ ನೋಡಿದಾಗಲೆಲ್ಲ ನಾಡಿ ಮತ್ತೆ ಏರುತ್ತಿತ್ತು. ಕೊನೆಗೆ ಡಾಕ್ಟರು ಗಡಿಯಾರಕ್ಕೆ ಟವೆಲ್ ಹೊದಿಸಿದರು. ಎಂಬತ್ತೆಂಟಕ್ಕೆ ಬಂತು.

ಆಮೇಲೆ ಒಂದು ಮೊಳ ಎತ್ತರದ ಮರದ ಪೆಟ್ಟಿಗೆ ಮುಂದಿಟ್ಟರು. ಪಕ್ಕದಲ್ಲಿ ಟಿಕ್ ಟಿಕ್ ಎನ್ನುವ ಇನ್ನೊಂದು ಸಣ್ಣ ಡಬ್ಬಿ. ಆ ಸದ್ದಿಗೆ ಸರಿಯಾಗಿ ಪೆಟ್ಟಿಗೆ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು, ಐದು ನಿಮಿಷ. ಐದು ನಿಮಿಷ ಎಂದರೆ ಒಂದು ಸಲ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು ಅಂದುಕೊಂಡು ಶುರುಮಾಡಿದ. ಎರಡನೇ ನಿಮಿಷಕ್ಕೆ ಕಾಲು ಯಾರದೋ ಆಯಿತು. ಮೂರನೆಯದಕ್ಕೆ ಬೆನ್ನ ಮೇಲಿದ್ದ ಕರಡಿಗೆ ಧಡ್ ಧಡ್ ಎಂದು ಬಡಿಯುತ್ತ, ಸಾಕೋ ಮಗನೇ ಎಂದು ಶಿವನೇ ಹೇಳಿದ ಹಾಗೆ ಕೇಳಿತು. ಐದನೆಯದು ಮುಗಿಯುವ ಹೊತ್ತಿಗೆ ಕಮ್ಮಾರನ ತಿದಿ ಒತ್ತಿದ ಹಾಗೆ ಉಸಿರು. ಡಾಕ್ಟರು ಅವನನ್ನು ಮತ್ತೆ ಮೇಜಿನ ಮೇಲೆ ಮಲಗಿಸಿ, ಕೈಗೆ ಕಾಲಿಗೆ ಪಟ್ಟಿ ಬಿಗಿದು, ಎದೆಗೆ ಅಂಟು ಬಳಿದು ಒಂದು ಯಂತ್ರದ ವೈರುಗಳನ್ನು ಅಂಟಿಸಿದರು. "ಬರ್ಕೊಳ್ಳಿ ಸಾರ್" ಎಂದು ಹೆಡ್‌ಮಾಸ್ಟರಿಗೆ ಗಟ್ಟಿಯಾಗಿ ಕೂಗಿ ಹೇಳಿದರು, "ನೂರಾ ಐವತ್ತಾರು!"

ಕಿಟಕಿಯಾಚೆ ಶಾಲೆಯ ಜವಾನ ಹೊನ್ನಯ್ಯ ನಿಂತಿದ್ದ. ಬೀಗ ಹಾಕಲು ಕಾಯುತ್ತಿದ್ದವನು ಒಳಗೆ ಇಣುಕಿದ. ಮೇಷ್ಟ್ರು ಕಣ್ಣು ಮುಚ್ಚಿ ಮಲಗಿದ್ದಾರೆ, ಮೈತುಂಬ ವೈರು, ಡಾಕ್ಟರು ಕೈ ಹಿಡಿದು ನಿಂತಿದ್ದಾರೆ, ನೂರಾ ಐವತ್ತಾರಂತೆ! ಹೊನ್ನಯ್ಯನಿಗೆ ಗೊತ್ತಿದ್ದ ಲೆಕ್ಕ ಜ್ವರದ್ದು. ಅವನ ಭಾವ ನೂರಾ ಐದಕ್ಕೇ ಹೋಗಿಬಿಟ್ಟಿದ್ದ. ಅವನು ಬೀಗವನ್ನು ಅಲ್ಲೇ ಬಿಟ್ಟು ಪೇಟೆ ಕಡೆ ಓಡಿದ.

ಮೂರು ನಿಮಿಷಕ್ಕೆ ನಾಡಿ ತೊಂಬತ್ತೆರಡಕ್ಕೆ ಇಳಿಯಿತು. ಡಾಕ್ಟರು ಬಹಳ ಸಂತೋಷಪಟ್ಟು ಬೆನ್ನು ತಟ್ಟಿದರು. ಅದನ್ನು ನೋಡಲು ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಕಲ್ಲೇಶಪ್ಪ ಹೊರಗೆ ಬಂದಾಗ ಹನ್ನೆರಡೂ ಕಾಲು. ಮೊಣಕಾಲು ನಡುಗುತ್ತಿದ್ದುದರಿಂದ ಶಾಲೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತ. ಕೂತದ್ದೇ ತಪ್ಪಾಯಿತು. ಗೇಟಿನಿಂದ ಏಳೆಂಟು ಜನ ನುಗ್ಗಿ ಬಂದರು.

"ಅಯ್ಯೋ, ಕುಸ್ದ್ ಕೂತವ್ರೆ ಕಣ್ರೋ!"

"ಏನಾಗಿಲ್ಲ ಕಣ್ರಯ್ಯ" ಎಂದು ಎದ್ದ. ಕಾಲು ಜೋಲಿ ಹೊಡೆಯಿತು. ಇಬ್ಬರು ರಟ್ಟೆ ಹಿಡಿದರು.

"ಮಾತಾಡ್ಬೇಡಿ ಮೇಷ್ಟ್ರೇ. ಮಾತಾಡಿದ್ರೆ ಹಾರ್ಟಿಗೆ ಎಳೀತದಂತೆ."

"ಬಿಡ್ರೋ! ನಂಗೇನಾಗೈತೆ? ಹತ್ತಿ ಇಳ್ದೆ ಅಷ್ಟೇ!"

"ನೋಡ್ದಾ? ತಲೆಗೂ ಬಂದೈತೆ. ಹತ್ತಿ ಇಳ್ದೆ ಅಂತಾರೆ."

ಮೇಷ್ಟ್ರು ಎಷ್ಟು ಕೂಗಾಡಿದರೋ ಕಾಯಿಲೆ ಅಷ್ಟು ಬಲಿಯಿತು. ಸಿಟ್ಟಿನಿಂದ ಮುಖ ಕೆಂಪಾದರೆ ರಕ್ತ ಏರಿದೆ ಎಂದರು; ಸುಸ್ತಾಗಿ ಸುಮ್ಮನಾದರೆ ಇಳಿಯುತ್ತಿದೆ ಎಂದರು. ಗಾಡಿ ಅಂಜಿನಪ್ಪ ಹತ್ತಿಬೀಜದ ಮೂಟೆ ಇಳಿಸಿ ಬರುತ್ತಿದ್ದವನು ಗಾಡಿ ನಿಲ್ಲಿಸಿ ಹುಲ್ಲು ಹಾಸಿದ. ನಾಲ್ಕು ಜನ ನಾಲ್ಕು ಕಡೆ ಹಿಡಿದು ಎತ್ತಿ ಅದರ ಮೇಲೆ ಮಲಗಿಸಿದರು. ಕೊಡೆಯನ್ನು ಬಿಚ್ಚಿ ಮುಖಕ್ಕೆ ನೆರಳು ಹಿಡಿದರು. ಪೇಟೆಯ ನಡುವೆ ಗಾಡಿ ಹೊರಟಿತು. ಅಂಗಡಿಗಳಿಂದ ಜನ ಇಳಿದು ಬಂದು ನೋಡುತ್ತಿದ್ದರು. ಬಾಳೆಹಣ್ಣಿನ ಅಂಗಡಿ ಬಂದಾಗ ಕಲ್ಲೇಶಪ್ಪ ತಲೆಯೆತ್ತಿ, "ಒಂದ್ ಚಿಪ್ಪು ಬಾಳೆಹಣ್ಣು..." ಎಂದ. "ಕೊನೇ ಆಸೆ ಏನೋ ಪಾಪ" ಎಂದು ಅಂಗಡಿಯವಳು ಕಣ್ಣೊರೆಸಿಕೊಂಡು, ಎರಡು ಚಿಪ್ಪನ್ನು ಪುಕ್ಕಟೆಯಾಗಿ ಗಾಡಿಯಲ್ಲಿಟ್ಟಳು.

ಮನೆಯಲ್ಲಿ ಸುದ್ದಿ ಗಾಡಿಗಿಂತ ಮುಂಚೆಯೇ ಮುಟ್ಟಿತ್ತು. ವಿಮಲಮ್ಮ ಹೊಸಲ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ತೀರ್ಥಮ್ಮ ಕೈಯಲ್ಲಿ ಜಜ್ಜಿದ ಬೆಳ್ಳುಳ್ಳಿ ಹಿಡಿದು ಸಿದ್ಧವಾಗಿದ್ದಳು. ಊರಿನಲ್ಲಿ ಯಾರಿಗೇ ಏನೇ ಆಗಲಿ, ಅದು ತನಗೆ ಮೊದಲೇ ಗೊತ್ತಿತ್ತು ಎನ್ನುವ ಹೆಂಗಸು ಅವಳು.

"ನಾ ಅಂದಿರ್ಲಿಲ್ವಾ ವಿಮಲಮ್ಮ? ಚಿಕ್ಕೋನಿದ್ದಾಗ್ಲೇ ಇವನ ತುಟಿ ನೋಡಿ ಅಂದಿದ್ದೆ. ಏ, ಬಾಯ್ ತೆಗ್ಯೋ ಕಲ್ಲೇಶಿ."

ಬಾಯಿ ತೆಗೆದದ್ದು ಬೈಯಲೆಂದು. ಒಳಗೆ ಹೋದದ್ದು ಬೆಳ್ಳುಳ್ಳಿ.

ನಾಲ್ಕು ಜನ ಅವನನ್ನು ಗಾಡಿಯಿಂದ ಹೊತ್ತು ಇಳಿಸುತ್ತಿದ್ದರು. ಅವನು ಬೆಳ್ಳುಳ್ಳಿಯ ಖಾರಕ್ಕೆ ಕಣ್ಣೀರು ಸುರಿಸುತ್ತ ಕಾಲು ಒದೆಯುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ಬಿಳೀ ಪಂಚೆ, ಕರೀ ಕೋಟು, ಕೈಯಲ್ಲಿ ಹಣ್ಣಿನ ಚೀಲ ಹಿಡಿದ ಹಾಲಪ್ಪನವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು.

ಯಾರು ಏನು ಎಂದು ಕೇಳುವ ಗೋಜಿಗೆ ಹೋಗದೆ ತೀರ್ಥಮ್ಮ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹಾರ್ಟು, ದೊಡ್ಡ ಡಾಕ್ಟ್ರು, ನೂರಾ ಐವತ್ತಾರು, ಹುಟ್ಟಿನಿಂದಲೇ ಇತ್ತು. ಹೇಳಿ ಮುಗಿಸಿದ ಮೇಲೆ, "ನೀವು ಯಾರ್ ಕಡೇರು?" ಎಂದಳು.

"ಹೆಣ್ಣಿನ ತಂದೆ" ಎಂದರು ಹಾಲಪ್ಪನವರು.

ಹೊತ್ತಿದ್ದ ನಾಲ್ಕು ಜನ ಮೇಷ್ಟ್ರನ್ನು ತರಾತುರಿಯಲ್ಲಿ ಒಳಗೆ ಸಾಗಿಸಿದರು.

ಹಾಲಪ್ಪನವರು ನಿಧಾನವಾಗಿ ಒಳಗೆ ಬಂದು ಚಾಪೆಯ ಮೇಲೆ ಮಲಗಿಸಿದ್ದ ಕಲ್ಲೇಶಪ್ಪನ ಪಕ್ಕ ಕೂತರು. ಮನೆ ಎಷ್ಟು ಅಂಕಣ, ಹೊಲ ಎಷ್ಟು ಎಂದು ಒಂದು ಮಾತೂ ಕೇಳಲಿಲ್ಲ.

"ಎಷ್ಟು ವರ್ಷದಿಂದ ಇದು, ಮೇಷ್ಟ್ರೇ?"

"ಯಜಮಾನ್ರೇ, ಶಿವನಾಣೆ ನಂಗೇನಿಲ್ಲ. ಅದು ಬರೀ ಪರೀಕ್ಷೆ. ಈ ಜನ..."

"ಹೂಂನಪ್ಪ" ಎಂದರು ಹಾಲಪ್ಪನವರು. "ಎಲ್ಲಾರೂ ಹಂಗೇ ಹೇಳೋದು. ಹೇಳ್ಬೇಕಾಗ್ತದೆ." ಅವನ ಹಣೆ ಸವರಿದರು. ಹುಡುಗಿಯ ತಂದೆಯೊಬ್ಬ ಹಾಗೆ ಹಣೆ ಸವರಿದ್ದನ್ನು ಯಾರೂ ಕಂಡಿರಲಿಲ್ಲ. ಅವರ ಕಣ್ಣಂಚು ಒದ್ದೆಯಾಗಿತ್ತು. ವಿಮಲಮ್ಮ ಕೊಟ್ಟ ನೀರು ಕುಡಿದು, "ಮನೇಲಿ ಮಾತಾಡಿ ಹೇಳಿಕಳಿಸ್ತೀವಿ ತಾಯಿ" ಎಂದು ಬೀರೂರಿನ ಬಸ್ಸಿಗೆ ಹೊರಟುಬಿಟ್ಟರು.

"ಹೋಯ್ತು" ಎಂದಳು ತೀರ್ಥಮ್ಮ. "ಹೇಳಿಕಳಿಸ್ತೀವಿ ಅಂದ್ರೆ ಹೋಯ್ತು ಅಂತ್ಲೇ."

ಹುಟ್ಟಿದಾಗಿನಿಂದ ಓಡದ ಕಲ್ಲೇಶಪ್ಪ ಅವತ್ತು ಓಡಿದ. ಹಿಡಿಯಲು ಬಂದವರನ್ನು ನೂಕಿ, ಹಿತ್ತಲ ಬಾಗಿಲಿಂದ ಹೊರಬಿದ್ದು ಶಾಲೆಗೆ ಓಡಿದ. ಡಾಕ್ಟರ ಜೀಪು ಆಗಲೇ ಹೋಗಿತ್ತು. "ತರೀಕೆರೆ ಪ್ರವಾಸಿ ಮಂದಿರದಲ್ಲಿ ಇಳ್ಕೊಂಡಿರ್ತಾರೆ ಕಣ್ರೀ. ಅಂದ್ಹಾಗೆ ನಿಮಗೆ ಹಾರ್ಟು ಅಂತಲ್ರೀ, ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತೇ?" ಎಂದರು ಮಲ್ಲಿಕಾರ್ಜುನಯ್ಯನವರು. ನಾಡಿಯ ಲೆಕ್ಕವನ್ನು ತಮ್ಮ ಕೈಯಾರೆ ಬರೆದುಕೊಂಡವರು ಅವರೇ.

ಎರಡು ಗಂಟೆಯ ತರೀಕೆರೆ ಬಸ್ಸಿನ ಹಿಂದಿನ ಸೀಟಿನಲ್ಲಿ ಅವನು ಕುಲುಕುತ್ತ ಕೂತ. ಕಿಟಕಿಯಲ್ಲಿ ಕಂಡದ್ದೆಲ್ಲ ಪಂಕಜಾಕ್ಷಿಯೇ. ಕಂಬಕ್ಕೆ ಒರಗಿ ನಿಂತು, ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದ ಹುಡುಗಿ. ಇಪ್ಪತ್ತೈದು ವರ್ಷದಲ್ಲಿ ತನಗೆ ಬೇಕು ಎನ್ನಿಸಿದ್ದು ಇದೊಂದೇ. ಇದನ್ನೂ ಊರಿನವರು ಹುಲ್ಲುಗಾಡಿಯಲ್ಲಿ ಹಾಕಿಕೊಂಡು ಹೋಗಿಬಿಟ್ಟರೆ ತಾನು ಬದುಕಿದ್ದೇಕೆ? ಬಸ್ಸು ಪ್ರತಿ ಹಳ್ಳಿಯಲ್ಲಿ ನಿಂತಾಗಲೂ ಅವನು ಸೀಟಿನಿಂದ ಎದ್ದು ನಿಲ್ಲುತ್ತಿದ್ದ.

ಪ್ರವಾಸಿ ಮಂದಿರದಲ್ಲಿ ಡಾಕ್ಟರು ಊಟ ಮಾಡಿ ವರಾಂಡದಲ್ಲಿ ಕೂತಿದ್ದರು. ಇವನ ಕತೆ ಕೇಳಿ ಮೊದಲು ನಕ್ಕರು, ಆಮೇಲೆ ನಗಲಿಲ್ಲ.

"ನೋಡಿ ಮೇಷ್ಟ್ರೇ, ಕೆಲಸ ಕೊಟ್ಟಾಗ ಹೃದಯ ಏರ್ಲೇಬೇಕು. ಅಭ್ಯಾಸ ಇಲ್ಲದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಏರುತ್ತೆ. ಅದು ರೋಗ ಅಲ್ಲ. ಎಷ್ಟು ಬೇಗ ತನ್ನ ಜಾಗಕ್ಕೆ ವಾಪಸ್ ಬರುತ್ತೆ ಅನ್ನೋದನ್ನ ನೋಡ್ಬೇಕು. ನಿಮ್ದು ಮೂರೇ ನಿಮಿಷಕ್ಕೆ ಬಂತು. ಇಪ್ಪತ್ತೈದು ಜನರಲ್ಲಿ ನಿಮ್ಮದೇ ಒಳ್ಳೇ ಹೃದಯ ಅಂದ್ರೂ ತಪ್ಪಿಲ್ಲ."

"ಅದನ್ನೇ ಒಂದ್ ಕಾಗ್ದದ ಮೇಲೆ ಬರ್ಕೊಡಿ ಸಾರ್. ಸೀಲು ಹಾಕಿ."

ಡಾಕ್ಟರು ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ಕಲ್ಲೇಶಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿ, ಕರಡಿಗೆಯ ಪಕ್ಕದಲ್ಲಿ ಇಟ್ಟುಕೊಂಡ. ತರೀಕೆರೆಯಿಂದ ಬೀರೂರಿಗೆ ನಿಂತುಕೊಂಡೇ ಬಂದ. ಬೀರೂರಿನಿಂದ ಕಡೂರಿಗೆ ಲಾರಿಯಲ್ಲಿ ಈರುಳ್ಳಿ ಮೂಟೆಗಳ ಮೇಲೆ ಕೂತು ಬಂದ. ಕಡೂರಿನಲ್ಲಿ ಇಳಿದ ಮೇಲೆ ಮತ್ತೆ ಓಡಿದ. ಹಾಲಪ್ಪನವರ ಮನೆಯ ಜಗಲಿ ಹತ್ತಿದಾಗ ಗಂಟೆ ಐದು. ಮೈಯೆಲ್ಲ ಬೆವರು, ಈರುಳ್ಳಿ ಸಿಪ್ಪೆ, ಮಾತಾಡಲು ಉಸಿರಿಲ್ಲ.

ಬಾಗಿಲು ತೆಗೆದವರು ಹಾಲಪ್ಪನವರೇ. ಮುಖಕ್ಕೆ ಬಾಗಿಲು ಹಾಕುತ್ತಾರೆ ಎಂದುಕೊಂಡಿದ್ದ. ಅವರು ಹೌಹಾರಿ ಎರಡೂ ಕೈಯಲ್ಲಿ ಅವನನ್ನು ಹಿಡಿದುಕೊಂಡರು.

"ಓಡ್ ಬಂದ್ಯೇನಪ್ಪಾ? ಅಯ್ಯೋ ದೇವ್ರೇ! ಲೇ, ದಿಂಬು ತಗೊಂಬಾರೇ! ನೀರು ತಾರೇ!"

ದಿಂಬಿಗೆ ಒರಗಿಸಿ ಕೂರಿಸಿದರು. ಹಾಲಪ್ಪನವರ ಹೆಂಡತಿ ಬೀಸಣಿಗೆ ತಂದು ಗಾಳಿ ಹಾಕಿದರು. ಒಳಗಿನಿಂದ ಏಲಕ್ಕಿ, ತುಪ್ಪದ ವಾಸನೆ ಬರುತ್ತಿತ್ತು. ದೇವರ ಮುಂದೆ ತಟ್ಟೆಯಲ್ಲಿ ಹೂವು, ಅರಿಶಿನ ಹಚ್ಚಿದ ತೆಂಗಿನಕಾಯಿ ಇತ್ತು. ಯಾವುದೋ ಮಂಗಳಕಾರ್ಯ ನಡೆಯುವ ಮನೆಯ ಹಾಗಿತ್ತು. ಬಾಗಿಲ ಬಳಿ ಬೇರೆಯವರ ಚಪ್ಪಲಿ ಇವೆಯೇ ಎಂದು ಕಲ್ಲೇಶಪ್ಪ ಕತ್ತು ಚಾಚಿ ನೋಡಿದ. ಅಷ್ಟರಲ್ಲೇ ಬೇರೆ ಗಂಡು ಗೊತ್ತಾಯಿತೇ?

ಪಂಕಜಾಕ್ಷಿ ನೀರು ತಂದಳು. ಲೋಟ ಕೊಟ್ಟು, ಹೋಗದೆ, ಎದುರಿಗೇ ಕೂತಳು. ಅವಳ ಮುಖದಲ್ಲಿ ಹೋದ ತಿಂಗಳು ಇಲ್ಲದ ಸಲಿಗೆಯೊಂದಿತ್ತು. ತುಂಬಾ ದಿನದ ಮೇಲೆ ತಮ್ಮ ಊರಿನವರನ್ನು ಕಂಡವರ ಹಾಗೆ.

"ಮೆಟ್ಟಿಲು ಹತ್ತುವಾಗ ನಿಮಗೂ ಎಡಗಡೆ ಹಿಡ್ಕೊಂಡ ಹಂಗೆ ಆಗುತ್ತಾ?" ಎಂದು ಮೆಲ್ಲಗೆ ಕೇಳಿದಳು. "ರಾತ್ರಿ ಎರಡು ದಿಂಬು ಇಟ್ಕೋತೀರಾ?"

ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡ ಕಲ್ಲೇಶಪ್ಪ. "ಇಲ್ಲ! ಎಡಗಡೇನೂ ಇಲ್ಲ, ಬಲಗಡೇನೂ ಇಲ್ಲ! ಒಂದೇ ದಿಂಬು! ತಗೊಳ್ಳಿ, ನೀವೇ ಓದಿ, ನಿಮಗೆ ಇಂಗ್ಲಿಷ್ ಬರುತ್ತಲ್ಲ." ಒಳಜೇಬಿನಿಂದ ಕಾಗದ ತೆಗೆದು ಗೆದ್ದವನ ಹಾಗೆ ಅವಳ ಕೈಯಲ್ಲಿಟ್ಟ.

ಪಂಕಜಾಕ್ಷಿ ಓದಿದಳು. ಮೊದಲ ಸಾಲನ್ನು ಗಟ್ಟಿಯಾಗಿ ಓದಿದವಳು ಎರಡನೆಯ ಸಾಲಿನಲ್ಲಿ ದನಿ ತಗ್ಗಿಸಿದಳು. ಮೂರನೆಯದನ್ನು ಮನಸ್ಸಿನಲ್ಲೇ ಓದಿಕೊಂಡಳು.

"ಏನಂತಮ್ಮ?" ಎಂದರು ಹಾಲಪ್ಪನವರು.

"ಇವರ ಹಾರ್ಟು ಸರಿಯಾಗಿದೆಯಂತಪ್ಪ. ಯಾವ ದೋಷಾನೂ ಇಲ್ವಂತೆ."

ಬೀಸಣಿಗೆ ನಿಂತಿತು. ಹಾಲಪ್ಪನವರ ಹೆಂಡತಿ ಎದ್ದು ಒಳಗೆ ಹೋದರು. ಒಲೆಯ ಮೇಲಿದ್ದ ಬಾಣಲೆಯನ್ನು ಇಳಿಸಿದ ಸದ್ದು ಕೇಳಿತು. ಕಲ್ಲೇಶಪ್ಪ ಎಲ್ಲರ ಮುಖ ನೋಡಿದ. ಒಳ್ಳೆಯ ಸುದ್ದಿಗೆ ಇಂಥ ಮುಖಗಳನ್ನು ಅವನು ಕಂಡಿರಲಿಲ್ಲ.

"ಮೇಷ್ಟ್ರೇ" ಎಂದರು ಹಾಲಪ್ಪನವರು. "ಈ ಹುಡುಗಿಗೆ ಹನ್ನೆರಡನೇ ವರ್ಷದಲ್ಲಿ ಕೀಲುಗಳೆಲ್ಲ ಊದಿ ಜ್ವರ ಬಂತು. ಜ್ವರ ಬಿಟ್ಟು ಹೋಯ್ತು, ಹೋಗ್ತಾ ಹಾರ್ಟಿನ ಬಾಗಿಲು, ವಾಲ್ವು ಅಂತಾರಲ್ಲ, ಅದನ್ನ ಕೆಡಿಸಿ ಹೋಯ್ತು. ಬೆಂಗಳೂರಿಗೆ ಕರ್ಕೊಂಡ್ ಹೋಗಿ ತೋರಿಸ್ದೆ. ಹುಷಾರಾಗಿದ್ರೆ ಬಹಳ ದಿನ ಇರ್ತಾಳೆ ಅಂದ್ರು. ನೀರು ಸೇದೋದು ಬೇಡ, ಹೊರೋದು ಬೇಡ, ಮಕ್ಕಳ ವಿಷಯದಲ್ಲಿ ಜೋಪಾನ ಅಂದ್ರು. ಮೂರು ಗಂಡಿನ ಕಡೇರಿಗೆ ಇದ್ದದ್ದು ಇದ್ದಂಗೆ ಹೇಳ್ದೆ. ಮೂರೂ ಜನ ಎದ್ ಹೋದ್ರು. ನಿಮಗೆ ಹೇಳೋದು ಬೇಡ ಅಂತ ನಾನೂ ನಮ್ಮ ಮನೆಯವಳೂ ಮಾತಾಡ್ಕೊಂಡಿದ್ವಿ. ನಮ್ಮದೇ ತಪ್ಪು. ಹುಡುಗಿ ಮಾತ್ರ ಹೇಳ್ಲೇಬೇಕು ಅಂತ ಒಂದು ತಿಂಗಳಿಂದ ನಮ್ಮ ಜೊತೆ ಜಗಳ."

ಕಲ್ಲೇಶಪ್ಪ ಲೋಟವನ್ನು ಕೆಳಗಿಟ್ಟ.

"ಇವತ್ತು ನಿಮ್ಮನ್ನ ಆ ಗಾಡೀಲಿ ಕಂಡೆನಲ್ಲ, ಎದೆ ಒಡೀತು ಮೊದಲು. ಆಮೇಲೆ ಬಸ್ಸಿನಲ್ಲಿ ಕೂತು ಯೋಚ್ನೆ ಮಾಡ್ದೆ. ಶಿವ ದೊಡ್ಡೋನು, ನನ್ನ ಸುಳ್ಳನ್ನ ಮುಚ್ಚಿದ. ಇಬ್ಬರೂ ಒಂದೇ ಥರ. ಯಾರೂ ಯಾರನ್ನೂ ಆಡ್ಕೊಳ್ಳೋ ಹಂಗಿಲ್ಲ. ಒಬ್ಬರ ನೋವು ಒಬ್ಬರಿಗೆ ಗೊತ್ತಾಗ್ತದೆ ಅಂದ್ಕೊಂಡು, ಮನೆಗೆ ಬಂದೋನೇ ಕಾಯಿಗೆ ಅರಿಶಿನ ಹಚ್ಚಿಸ್ದೆ. ನಾಳೆ ಬೆಳಿಗ್ಗೆ ನಾನೇ ಬರ್ತಿದ್ದೆ." ಹಾಲಪ್ಪನವರು ಕಾಗದದ ಕಡೆ ಕೈ ತೋರಿಸಿದರು. "ನೀವು ಇದನ್ನ ತಂದ್ಬಿಟ್ರಿ."

ಹೊರಗೆ ರೈಲು ಕೂಗಿತು.

"ಇರ್ಲಿ. ಈಗ ಗೊತ್ತಾಯ್ತಲ್ಲ. ನೀವೇ ಹೇಳಿ ಮೇಷ್ಟ್ರೇ. ನಮ್ಮ ಹುಡುಗೀನ ಮಾಡ್ಕೋತೀರಾ?"

ಪಂಕಜಾಕ್ಷಿ ತಲೆ ಎತ್ತಿ ಅವನನ್ನೇ ನೋಡಿದಳು. ಬೇಡುವ ನೋಟವಲ್ಲ, ಸುಮ್ಮನೆ ನೋಡುವ ನೋಟ.

ಅಜ್ಜಂಪುರದಿಂದ ತರೀಕೆರೆಗೆ, ತರೀಕೆರೆಯಿಂದ ಕಡೂರಿಗೆ ಅವನು ಓಡಿ ಬಂದದ್ದು ಈ ಹುಡುಗಿಗಾಗಿಯೇ. ಉತ್ತರ ನಾಲಗೆಯ ತುದಿಯಲ್ಲೇ ಇರಬೇಕಿತ್ತು. ಆದರೆ ಆ ಗಳಿಗೆಯಲ್ಲಿ ಕಲ್ಲೇಶಪ್ಪನಿಗೆ ಮನೆಯ ಹಿತ್ತಲ ಆಳವಾದ ಬಾವಿ ಕಾಣಿಸಿತು. ಮೊಣಕಾಲು ಹಿಡಿದುಕೊಂಡು ನೀರು ಸೇದುವ ತಾಯಿ ಕಾಣಿಸಿದಳು. ಅವಳು ಈಗಿನಿಂದಲೇ ಹಳೇ ಸೀರೆ ಹರಿದು ಎತ್ತಿಡುತ್ತಿದ್ದ ತೊಟ್ಟಿಲ ಬಟ್ಟೆ ಕಾಣಿಸಿತು. ಬೇಲಿಯಾಚೆಯಿಂದ ತೀರ್ಥಮ್ಮ, ಗೊತ್ತಿದ್ದೂ ಗೊತ್ತಿದ್ದೂ ತಂದ್ಕೊಂಡ ಕಣೇ ಎನ್ನುವುದು ಕೇಳಿಸಿತು. ಹೂಂ ಎನ್ನಬೇಕು ಎಂದು ಅವನಿಗೆ ಗೊತ್ತಿತ್ತು. ಈಗಲೇ ಅನ್ನಬೇಕು ಎಂದೂ ಗೊತ್ತಿತ್ತು. ಬಾಯಿ ತೆರೆದ.

"ಅಮ್ಮನ್ನ ಒಂದ್ ಮಾತು ಕೇಳಿ..." ಎಂದ.

ಹಾಲಪ್ಪನವರು ತಲೆಯಾಡಿಸಿದರು. ಈ ಮಾತನ್ನು ಅವರು ಈ ಹಿಂದೆ ಮೂರು ಸಲ ಕೇಳಿದ್ದರು.

ಪಂಕಜಾಕ್ಷಿ ಡಾಕ್ಟರ ಕಾಗದವನ್ನು ಇದ್ದ ಮಡಿಕೆಗೇ ಸರಿಯಾಗಿ ಮಡಿಚಿ ಅವನ ಕೈಗೆ ಕೊಟ್ಟಳು. "ಹುಷಾರಾಗಿ ಇಟ್ಕೊಳ್ಳಿ ಮೇಷ್ಟ್ರೇ. ಮುಂದಿನ ಮನೇಲಿ ತೋರಿಸೋಕೆ ಬೇಕಾಗುತ್ತೆ."

"ನಾನು ಹಂಗಂದಿದ್ದಲ್ಲ. ನನ್ನ ಮಾತಿನ ಅರ್ಥ..."

"ರೈಲಿಗೆ ಹೊತ್ತಾಯ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಅಲ್ಲೇ ನಿಂತು ಜಗಳವಾಡಿ, ಆ ಜಗಳದಲ್ಲಿ ಹೂಂ ಎಂದುಬಿಡುತ್ತಿದ್ದನೇನೋ. ಅವಳು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಹಾಲಪ್ಪನವರು ಬೀದಿಯ ತುದಿಯವರೆಗೂ ಬಂದರು. "ಒಂದ್ ಉಪಕಾರ ಮಾಡಿ ಮೇಷ್ಟ್ರೇ. ಈ ವಿಷಯ ಅಜ್ಜಂಪುರದಲ್ಲಿ ಬಾಯಿ ಬಿಡ್ಬೇಡಿ. ಒಂದೂರಿಗೆ ಗೊತ್ತಾದ್ರೆ ನಾಲ್ಕೂರಿಗೆ ಹೋಗ್ತದೆ. ಆ ಮೂರು ಜನಾನೂ ಅಷ್ಟು ಮರ್ಯಾದೆ ಉಳಿಸಿದ್ರು." ಕಲ್ಲೇಶಪ್ಪ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಹಿಂದೆ ಸರಿದರು.

ಅವನು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಹೂಂ ಎಂಬ ಮಾತು ನೂರು ಥರವಾಗಿ ಬಂತು. ಬೀರೂರಿನಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಎಂದು ಬಾಗಿಲ ತನಕ ಬಂದು ನಿಂತಿದ್ದ. ರೈಲು ಹೊರಡುವ ತನಕ ನಿಂತೇ ಇದ್ದ.

ಮನೆಯ ಜಗಲಿ ತುಂಬಿತ್ತು. ಹೊನ್ನಯ್ಯ ಇದ್ದ, ಅಂಜಿನಪ್ಪ ಇದ್ದ, ಹೆಡ್‌ಮಾಸ್ಟರೂ ಬಂದು ಕುರ್ಚಿಯಲ್ಲಿ ಕೂತಿದ್ದರು. ತೀರ್ಥಮ್ಮ ವಿಮಲಮ್ಮನ ಬೆನ್ನು ನೀವುತ್ತಿದ್ದಳು. ಮಗ ನಡೆದು ಬಂದದ್ದು ಕಂಡು ವಿಮಲಮ್ಮ ಎದ್ದು ಓಡಿಬಂದಳು.

"ಎಲ್ಲಿಗೆ ಹೋಗಿದ್ಯೋ? ಕಡೂರಿಗಾ? ಏನಂದ್ರೋ?"

"ಬೇಡ ಅಂದ್ರು."

"ಡಾಕ್ಟ್ರ ಹತ್ರ ಕಾಗ್ದ ತಂದು ತೋರಿಸ್ಬೇಕಿತ್ತು ಕಣೋ!"

"ತೋರಿಸ್ದೆ. ಅದನ್ನ ಓದಿದ್ ಮೇಲೇ ಬೇಡ ಅಂದಿದ್ದು."

ಜಗಲಿಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರೇ ಬರೆದು ಕೊಟ್ಟ ಮೇಲೆ ಇನ್ನು ಅನುಮಾನಕ್ಕೆಲ್ಲಿ ಜಾಗ? ಇನ್ನು ಈ ಮನೆಗೆ ಹೆಣ್ಣು ಕೊಡುವವರು ಸುತ್ತ ಮೂರು ತಾಲ್ಲೂಕಿನಲ್ಲಿ ಹುಟ್ಟಲಿಕ್ಕಿಲ್ಲ.

"ಯಾಕಂತೆ? ಅದೇನ್ ಬಾಯ್ಬಿಟ್ಟು ಹೇಳೋ" ಎಂದಳು ವಿಮಲಮ್ಮ, ಅಳುತ್ತ.

ಕಲ್ಲೇಶಪ್ಪ ಜಗಲಿಯ ಕಂಬ ಹಿಡಿದು ನಿಂತ. ಆ ದಿನ ಊರಿನಲ್ಲಿ ಅವನು ಆಡಿದ ಯಾವ ಮಾತನ್ನೂ ಯಾರೂ ನಂಬಿರಲಿಲ್ಲ. ಈ ಒಂದು ಮಾತನ್ನು ಮಾತ್ರ ಎಲ್ಲರೂ ನಂಬಿದರು.

"ನನ್ನ ಹಾರ್ಟು ಸರಿಯಿಲ್ಲ ಕಣಮ್ಮ" ಎಂದ.

"ನಾ ಆಗ್ಲೇ ಅಂದಿರ್ಲಿಲ್ವಾ?" ಎಂದಳು ತೀರ್ಥಮ್ಮ.